ರಾತ್ರಿಯ ಯಕ್ಷಗಾನ ಆಟಕ್ಕೂ ಮಳೆಗಾಲಕ್ಕೂ ಆಗುವ ಹಗುರ ಲೆನ್ಸ್: ಪುಟ್ಟ ಮಿರರ್‌ಲೆಸ್ ಕ್ಯಾಮೆರಾ ಇರುವವರಿಗೆ

ಕಾಸರಗೋಡಿನ ಬೇಕಲ ಕೋಟೆಯನ್ನು ಹಗಲು ಹೊತ್ತು ಎಫ್ 8ರಲ್ಲಿ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ಬೆಳಕು ಬಿಡುತ್ತದೆ) ತೆಗೆದರೆ ಕ್ಯಾಮೆರಾದ ಜತೆಗೇ ಬರುವ ಕಿಟ್ ಲೆನ್ಸಿನ ಫೋಟೊ ಯಾವುದು, ದುಬಾರಿ ಲೆನ್ಸಿನದ್ದು ಯಾವುದು ಎಂದು ಹೇಳುವುದು ಕಷ್ಟ. ರಾತ್ರಿ ಆಟದಲ್ಲಿ ಹಾಗಲ್ಲ. ಮೈಕ್ರೋ ಫೋರ್ ಥರ್ಡ್ಸ್ (ಚಿಕ್ಕ ಸೆನ್ಸರಿನ ಮಿರರ್‌ಲೆಸ್) ಕ್ಯಾಮೆರಾದ 14-42 ಎಂಎಂ ಕಿಟ್ ಲೆನ್ಸ್ ಪೂರ್ತಿ ಜೂಮ್ ಮಾಡಿದಾಗ ಎಫ್ 5.6ಕ್ಕೆ ಬಂದು ನಿಲ್ಲುತ್ತದೆ. ಹೆಚ್ಚುಕಡಿಮೆ ಅದೇ ಫೋಕಲ್ ಲೆಂಗ್ತಿನ 45 ಎಂಎಂ ಎಫ್ 1.8 ಲೆನ್ಸ್ ಅದಕ್ಕಿಂತ ಹತ್ತಿರ ಹತ್ತಿರ ಹತ್ತು ಪಾಲು ಬೆಳಕು ಒಳಗೆ ಬಿಡುತ್ತದೆ. ಇಂಥ ಪ್ರೈಮ್‌ನಲ್ಲಿ (ಜೂಮ್ ಇಲ್ಲದ ಲೆನ್ಸಿನಲ್ಲಿ) ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 3200, 1/250 ಸೆಕೆಂಡಿಗೆ ಸಿಗುವ ಚಿತ್ರಕ್ಕೆ ಕಿಟ್ ಲೆನ್ಸಿನಲ್ಲಿ ಐಎಸ್‌ಒ 30,000 ದಾಟಬೇಕು, ಇಲ್ಲವೇ ಶಟರ್ 1/25ಕ್ಕೆ ಇಳಿಯಬೇಕು. 1/25ರಲ್ಲಿ ಧಿಗಿಣ (ವೇಷಧಾರಿ ಗಿರಗಿರನೆ ತಿರುಗಿ ಹಾರುವ ಕುಣಿತ) ತೆಗೆದರೆ ಬಣ್ಣದ ಗೆರೆಗಳು ಮಾತ್ರ ಉಳಿಯುತ್ತವೆ. ಕ್ಯಾಮೆರಾದೊಳಗಿನ ಸ್ಟೆಬಿಲೈಸೇಶನ್ ನಿಮ್ಮ ಕೈ ನಡುಗುವುದನ್ನು ತಡೆಯುತ್ತದೆ, ವೇಷಧಾರಿ ಕುಣಿಯುವುದನ್ನು ತಡೆಯುವುದಿಲ್ಲ. ಧಿಗಿಣಕ್ಕೆ 1/320ಕ್ಕಿಂತ ಕೆಳಗೆ ಇಳಿಯಬೇಡಿ.

ಎಷ್ಟು ಎಂಎಂ ಬೇಕು ಎಂಬುದಕ್ಕೆ ಒಂದು ಸುಲಭ ಲೆಕ್ಕವಿದೆ. ಈ ಸೆನ್ಸರಿನ ಅಗಲ 17.3 ಎಂಎಂ. ಹಾಗಾಗಿ 17 ಎಂಎಂ ಲೆನ್ಸಿನಲ್ಲಿ ನೀವು ನಿಂತ ದೂರ ಎಷ್ಟೋ, ಚೌಕಟ್ಟಿಗೆ ಸಿಗುವ ಅಗಲವೂ ಹೆಚ್ಚುಕಡಿಮೆ ಅಷ್ಟೇ. ಚೌಕಿಯಲ್ಲಿ (ವೇಷ ಕಟ್ಟುವ ಕೋಣೆಯಲ್ಲಿ) ಎರಡು ಮೀಟರ್ ದೂರ ಕೂತರೆ ಎರಡು ಮೀಟರ್ ಅಗಲ, ಅಂದರೆ ಬಣ್ಣ ಹಾಕುವವರು, ಅವರ ಕನ್ನಡಿ, ಪಕ್ಕದ ಪೆಟ್ಟಿಗೆ ಎಲ್ಲ ಬರುತ್ತದೆ. 45 ಎಂಎಂ ಲೆನ್ಸನ್ನು ರಂಗಸ್ಥಳದಿಂದ ಎಂಟು ಮೀಟರ್ ದೂರದಲ್ಲಿ, ಕ್ಯಾಮೆರಾದ ಉದ್ದ ಬದಿ ಮೇಲಕ್ಕೆ ಬರುವಂತೆ ನೆಟ್ಟಗೆ ಹಿಡಿದರೆ ಎತ್ತರ ಮೂರು ಮೀಟರ್ ಸಿಗುತ್ತದೆ, ಕಿರೀಟ ಸಮೇತ ಪೂರ್ಣ ವೇಷ ಹಿಡಿಸುತ್ತದೆ.

ಇವೆರಡೇ ಸಾಕು ಎಂಬುದು ನಮ್ಮ ಅಭಿಪ್ರಾಯ. ಒಲಿಂಪಸ್ 17 ಎಂಎಂ ಎಫ್ 1.8 ತೂಕ 120 ಗ್ರಾಂ, 45 ಎಂಎಂ ಎಫ್ 1.8 ತೂಕ 116 ಗ್ರಾಂ. 12-40 ಎಂಎಂ ಎಫ್ 2.8 ಜೂಮ್ ಒಳ್ಳೆಯದೇ, ಆದರೆ ಅದೊಂದೇ 382 ಗ್ರಾಂ, ಎರಡೂ ಪ್ರೈಮ್ ಸೇರಿದ್ದಕ್ಕಿಂತ ಭಾರ. ಬೆಳಕೂ ಅರ್ಧಕ್ಕಿಂತ ಕಡಿಮೆ. ಪುಟ್ಟ ಕ್ಯಾಮೆರಾಕ್ಕೆ ಹಾಕಿದರೆ ಮೂತಿ ಕೆಳಗೆ ಜಗ್ಗುತ್ತದೆ, ಬೆಳಗಿನ ಜಾವದ ಹೊತ್ತಿಗೆ ಮಣಿಕಟ್ಟು ಸೋಲುತ್ತದೆ. ಪ್ಯಾನಸಾನಿಕ್ 20 ಎಂಎಂ ಎಫ್ 1.7ರ ಎರಡನೇ ಆವೃತ್ತಿ ಬರೀ 87 ಗ್ರಾಂ, ತುಂಬ ಶಾರ್ಪ್. ಆದರೆ ಫೋಕಸ್ ಮಾಡುವಾಗ ಒಳಗಿನ ಗಾಜೆಲ್ಲ ಒಟ್ಟಿಗೆ ಹಿಂದೆ ಮುಂದೆ ಹೋಗಬೇಕಾದ್ದರಿಂದ ನಿಧಾನ. ಚೌಕಿಗೆ ಹೇಳಿಸಿದಂತಿದೆ, ಕುಣಿತಕ್ಕೆ ಬೇಡ. ಬಯಲು, ಗುಡ್ಡೆ ತೆಗೆಯಲು 55 ಗ್ರಾಮಿನ 14 ಎಂಎಂ ಎಫ್ 2.5 ಜೇಬಿನಲ್ಲಿದ್ದರೆ ಆಯಿತು. ಒಳ್ಳೆಮೆಣಸಿನ ಕರೆ (ಕಾಳುಮೆಣಸಿನ ಗೊಂಚಲು), ಜೇಡ, ಇರುವೆ ತೆಗೆಯುವವರಿಗೆ 185 ಗ್ರಾಮಿನ ಒಲಿಂಪಸ್ 60 ಎಂಎಂ ಮ್ಯಾಕ್ರೋ.

ಎಪಿಎಸ್-ಸಿ (ಇದಕ್ಕಿಂತ ಸ್ವಲ್ಪ ದೊಡ್ಡ ಸೆನ್ಸರಿನ) ಕ್ಯಾಮೆರಾದವರಿಗೆ ಫ್ಯೂಜಿಯಲ್ಲಿ 27 ಎಂಎಂ ಎಫ್ 2.8 (84 ಗ್ರಾಂ), 35 ಎಂಎಂ ಎಫ್ 2 (170 ಗ್ರಾಂ). ಸೋನಿಗೆ ಸಿಗ್ಮಾದ 30 ಎಂಎಂ, 56 ಎಂಎಂ ಎಫ್ 1.4ಗಳಿವೆ. 265, 280 ಗ್ರಾಂ ಆದರೂ ಒಂದೊಂದು ಗ್ರಾಮೂ ಕೆಲಸಕ್ಕೆ ಬರುತ್ತದೆ. ಉತ್ತರ ಕೇರಳದ ದೈವಾರಾಧನೆಯಾದ ತೆಯ್ಯಂನಲ್ಲಿ ಸೂಟೆಯ (ಪಂಜಿನ) ಬೆಳಕು ಬಿಟ್ಟು ಬೇರೇನೂ ಇಲ್ಲದಾಗ ಎಫ್ 1.4ರ ಬೆಲೆ ಗೊತ್ತಾಗುತ್ತದೆ. ಅಲ್ಲಿ ಫ್ಲ್ಯಾಶ್ ಹೊಡೆಯುವುದು ಸರಿಯಲ್ಲ, ಹೊಡೆದರೆ ಬೆಂಕಿಯ ಬಣ್ಣವೂ ಹೋಗುತ್ತದೆ.

ಶಾರ್ಪ್ ಎಂದು ಹೆಸರಾದ ಲೆನ್ಸೂ ನಿಮ್ಮ ಕೈಗೆ ಬಂದದ್ದು ಶಾರ್ಪ್ ಇರಬೇಕೆಂದಿಲ್ಲ. ಒಳಗಿನ ಒಂದು ಗಾಜು ಕೂದಲೆಳೆಯಷ್ಟು ಓರೆ ಕೂತಿದ್ದರೂ ಒಂದು ಮಗ್ಗುಲು ಮಸುಕಾಗುತ್ತದೆ. ಅಂಗಡಿಯಿಂದ ತನ್ನಿ, ಆನ್‌ಲೈನಿನಲ್ಲಿ ತರಿಸಿ, ಹಿಂದಿರುಗಿಸುವ ಅವಧಿಯೊಳಗೆ ಪರೀಕ್ಷೆ ಮುಗಿಸಿ. ನಮ್ಮೂರಲ್ಲಿ ಇದಕ್ಕೆ ಚಾರ್ಟ್ ಹುಡುಕಬೇಕಾಗಿಲ್ಲ, ಗಾರೆ ಮೆತ್ತದ ಮುರಕಲ್ಲಿನ (ಕೆಂಪುಕಲ್ಲಿನ) ಗೋಡೆ ಸಾಕು. ಅದರ ತೂತು, ಗೀರುಗಳಲ್ಲಿ ಮಸುಕು ಥಟ್ಟನೆ ಕಾಣುತ್ತದೆ. ಟ್ರೈಪಾಡನ್ನು ಮೂರು ಮೀಟರ್ ದೂರ ಇಡಿ, ಸ್ಟೆಬಿಲೈಸೇಶನ್ ಆಫ್ ಮಾಡಿ, ಐಎಸ್‌ಒ 200, ಎರಡು ಸೆಕೆಂಡ್ ಟೈಮರ್. ಕ್ಯಾಮೆರಾ ಗೋಡೆಗೆ ಸಮಾನಾಂತರವಾಗಿದೆಯೇ ಎಂದು ತಿಳಿಯಲು ಗೋಡೆಯ ಮೇಲೆ ಚಿಕ್ಕ ಕನ್ನಡಿಯೊಂದನ್ನು ಚಪ್ಪಟೆಯಾಗಿ ಒತ್ತಿ ಹಿಡಿಸಿ. ಲೆನ್ಸಿನ ಪ್ರತಿಬಿಂಬ ಪರದೆಯ ನಟ್ಟನಡುವೆ ಕಂಡರೆ ಸರಿ. ಕನ್ನಡಿ ತೆಗೆದು, ಗೋಡೆಗೆ ಮತ್ತೆ ಫೋಕಸ್ ಮಾಡಿ ಎಫ್ 1.8, 2.8, 4, 5.6ರಲ್ಲಿ ಒಂದೊಂದು ತೆಗೆದು ನಾಲ್ಕೂ ಮೂಲೆಗಳನ್ನು ಕಂಪ್ಯೂಟರಿನಲ್ಲಿ ನೂರು ಪ್ರತಿಶತ ದೊಡ್ಡದು ಮಾಡಿ ನೋಡಿ. ನಾಲ್ಕೂ ಒಂದೇ ಥರ ಸ್ವಲ್ಪ ಮಸುಕಾಗಿದ್ದು ಎಫ್ 4ರ ಹೊತ್ತಿಗೆ ತಿಳಿಯಾದರೆ ಅದು ಲೆನ್ಸಿನ ಸ್ವಭಾವ. ಒಂದೇ ಮೂಲೆ ಎಫ್ 5.6ರಲ್ಲೂ ಮಸುಕಾಗಿಯೇ ಇದ್ದರೆ ಕ್ಯಾಮೆರಾವನ್ನು ತಲೆಕೆಳಗು ಮಾಡಿ ಅದೇ ಗೋಡೆಯನ್ನು ಇನ್ನೊಮ್ಮೆ ತೆಗೆಯಿರಿ. ಮಸುಕು ಗೋಡೆಯ ಅದೇ ಜಾಗದಲ್ಲಿ ಉಳಿದರೆ ನೀವು ಓರೆ ನಿಲ್ಲಿಸಿದ್ದೀರಿ. ಗೋಡೆಯ ಎದುರು ಮೂಲೆಗೆ ಹೋದರೆ ಲೆನ್ಸಿನದ್ದೇ ದೋಷ, ವಾಪಸು ಕೊಡಿ.

ಎಫ್ 8 ದಾಟಿ ಪರೀಕ್ಷಿಸುವುದು ವ್ಯರ್ಥ. ಇಷ್ಟು ಚಿಕ್ಕ ಸೆನ್ಸರಿನಲ್ಲಿ ಅಲ್ಲಿಂದ ಮುಂದೆ ಬೆಳಕು ಸಣ್ಣ ರಂಧ್ರದಲ್ಲಿ ಹರಡಿಕೊಂಡು ಎಲ್ಲ ಲೆನ್ಸುಗಳೂ ಮೆತ್ತಗಾಗುತ್ತವೆ. ಚೌಕಿಯ ಟ್ಯೂಬ್‌ಲೈಟ್, ಎಲ್‌ಇಡಿ ಕೆಳಗೆ ಚಿತ್ರದಲ್ಲಿ ಅಡ್ಡ ಪಟ್ಟಿ ಬಂದರೂ ಲೆನ್ಸನ್ನು ಬಯ್ಯಬೇಡಿ. ಅದು ಸೈಲೆಂಟ್ (ಎಲೆಕ್ಟ್ರಾನಿಕ್) ಶಟರಿನ ಕಿತಾಪತಿ. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಮೆಕ್ಯಾನಿಕಲ್ ಶಟರ್ ಹಾಕಿ 1/100 ಅಥವಾ 1/50 ಇಟ್ಟರೆ ಹೋಗುತ್ತದೆ. ದೀಪಗಳ ಪಕ್ಕ ಹಸಿರು ಚುಕ್ಕೆಗಳು ಬಂದರೆ ಮೊದಲು ಅಗ್ಗದ ಯುವಿ ಫಿಲ್ಟರ್ ಕಳಚಿ ನೋಡಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ನಿಮ್ಮ ಕ್ಯಾಮೆರಾ ಜತೆಗೆ ಒಯ್ಯಿರಿ, ಇವುಗಳ ಅಪರ್ಚರ್ (ಬೆಳಕು ಬಿಡುವ ರಂಧ್ರ) ಕರೆಂಟಿಲ್ಲದೆ ಅಲುಗಾಡುವುದಿಲ್ಲ. ಮೊಬೈಲ್ ಟಾರ್ಚನ್ನು ಹಿಂದಿನಿಂದ ಓರೆಯಾಗಿ ಬಿಟ್ಟು ಮುಂದಿನಿಂದ ನೋಡಿ. ನಾಲ್ಕು ಧೂಳಿನ ಕಣಗಳಿಗೆ ಹೆದರಬೇಕಾಗಿಲ್ಲ. ಜೇಡರ ಬಲೆಯಂಥ ಎಳೆಗಳಿದ್ದರೆ ಫಂಗಸ್, ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಹೊಸ ಲೆನ್ಸಿಗೂ ಇದೇ ಗತಿ ಬರಬಹುದು. ಮೇ ಕೊನೆಗೆ ಬರುವ ಪತ್ತನಾಜೆಗೆ ಆಟ, ದೈವದ ಕೋಲಗಳೆಲ್ಲ ನಿಲ್ಲುವುದರಿಂದ ಕ್ಯಾಮೆರಾ ಬ್ಯಾಗು ತಿಂಗಳುಗಟ್ಟಲೆ ಕಪಾಟಿನಲ್ಲೇ ಉಳಿಯುತ್ತದೆ, ಫಂಗಸ್ ಹಿಡಿಯುವುದು ಆಗಲೇ. ಗಾಳಿಯಾಡದ ಹತ್ತು ಲೀಟರಿನ ಪ್ಲಾಸ್ಟಿಕ್ ಡಬ್ಬಿ, 200 ಗ್ರಾಂ ಸಿಲಿಕಾ ಜೆಲ್, ತೇವಾಂಶ ತೋರಿಸುವ ಚಿಕ್ಕ ಮೀಟರ್ ತನ್ನಿ. ಮೀಟರ್ ಶೇಕಡಾ 40-50 ತೋರಿಸುತ್ತಿರಬೇಕು. 60 ದಾಟಿದರೆ ಜೆಲ್ ದಣಿದಿದೆ. ಕಿತ್ತಳೆ ಬಣ್ಣದ ಜೆಲ್ ಕೊಳ್ಳಿ, ನೀಲಿಯದರಲ್ಲಿ ವಿಷಕಾರಿ ಕೋಬಾಲ್ಟ್ ಇರುತ್ತದೆ. ಬಣ್ಣ ಬದಲಾದಾಗ ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಗೆ ಹುರಿದು, ಪೂರ್ತಿ ತಣಿದ ಮೇಲೆ ಡಬ್ಬಿಗೆ ಹಾಕಿ. ಅಕ್ಕಿ ಡಬ್ಬಿಯಲ್ಲಿ ಹೂತಿಡುವುದು ಬೇಡ, ಅಕ್ಕಿಯ ಹುಡಿ ಫೋಕಸ್ ರಿಂಗಿನ ಸಂದಿಗೆ ಹೋಗುತ್ತದೆ. ಚರ್ಮದ ಚೀಲವನ್ನು ಡಬ್ಬಿಯ ಹೊರಗೇ ಇಡಿ, ಫಂಗಸ್ಸಿಗೆ ಚರ್ಮವೆಂದರೆ ಬಲು ಇಷ್ಟ.