ಎಸ್ಟೀಮ್ ಕೊಟ್ಟು ಜಪಾನ್ ಗಾಡಿ ತಂದಿದ್ದು

ಇಂಪೋರ್ಟೆಡ್ ಕಾರು ತಗೊಂಡೆ ಅಂದರೆ ತುಮಕೂರಿನಲ್ಲಿ ಎಲ್ಲರೂ ಕೇಳುವುದು ಒಂದೇ: ‘ದುಬೈಯಿಂದ ತರಿಸಿದ್ರಾ?’ ಹಳೇ ಗಾಡಿಯನ್ನು ಹಾಗೆ ತರಿಸುವುದು ನಮ್ಮಂಥವರ ಕೈಲಾಗುವ ಮಾತಲ್ಲ. ತಯಾರಾಗಿ 3 ವರ್ಷ ದಾಟಿರಬಾರದು, ಸ್ಟೇರಿಂಗ್ ಬಲಗಡೆ ಇರಬೇಕು, ಮುಂಬೈ ಬಂದರಿನಲ್ಲೇ ಇಳಿಯಬೇಕು. ಸುಂಕವೇ ಗಾಡಿಯ ಬೆಲೆಗಿಂತ ಜಾಸ್ತಿ. ನಾನು ತಗೊಂಡಿದ್ದು ಜಪಾನಿನಲ್ಲಿ ಪೂರ್ತಿ ತಯಾರಾಗಿ ಬಂದು, ಇಲ್ಲಿನ ಮಾರುತಿ ಶೋರೂಮಿನಲ್ಲೇ ಹೊಸದಾಗಿ ಮಾರಾಟವಾಗಿದ್ದ ಹಳೇ ಗ್ರ್ಯಾಂಡ್ ವಿಟಾರ. 2.4 ಲೀಟರ್ ಪೆಟ್ರೋಲ್ ಎಂಜಿನ್, ಕೈ ಗೇರು, ಫೋರ್ ವೀಲ್ ಡ್ರೈವ್. ಬೆಂಗಳೂರಿನ ಒಬ್ಬರ ಹತ್ತಿರ ಇತ್ತು.

ಅದಕ್ಕೆ ಮುಂಚೆ ಮನೆಯಲ್ಲಿದ್ದದ್ದು ಮಾರುತಿ ಎಸ್ಟೀಮ್. 1.3 ಲೀಟರ್ ಎಂಜಿನ್, ಹಗುರವಾದ ಬಾಡಿ. ಸಿರಾ ರೋಡಿನಲ್ಲಿ ಮೂರನೇ ಗೇರಿನಲ್ಲಿ ತುಳಿದರೆ ಅದು ಓಡುತ್ತಿದ್ದ ರೀತಿಗೆ ಇವತ್ತಿನ ಎಷ್ಟೋ ಕಾರುಗಳು ನಾಚಬೇಕು. ಆದರೆ ಫ್ಲೋರ್ ತುಕ್ಕು ಹಿಡಿದಿತ್ತು, ಎರಡು ಸಲ ವೆಲ್ಡಿಂಗ್ ಆಗಿತ್ತು. ಗುಬ್ಬಿ ಕಡೆ ನಮ್ಮ ತೋಟಕ್ಕೆ ಹೋಗುವ ಮಣ್ಣು ದಾರಿಯಲ್ಲಿ ಮಳೆಗಾಲದಲ್ಲಿ ಹೊಟ್ಟೆ ಉಜ್ಜುತ್ತಿತ್ತು. 2007ರ ಹೊತ್ತಿಗೆ ತಯಾರಿಕೆ ನಿಂತ ಗಾಡಿ, ಒಂದು ಡೋರ್ ಬೀಡಿಂಗ್ ಹುಡುಕುವುದೂ ಕಷ್ಟವಾಗಿತ್ತು. ‘ಸ್ಪೇರ್ ಸಿಗಲ್ಲ ಅಂತ ಇದನ್ನ ಮಾರಿ, ಸ್ಪೇರೇ ಸಿಗದಿರೋದನ್ನ ತರ್ತೀರಾ?’ ಅಂತ ಮನೆಯವಳು ಕೇಳಿದಳು. ನ್ಯಾಯವಾದ ಪ್ರಶ್ನೆಯೇ ಅಲ್ವಾ?

ಹಾಗಾಗಿ ಗಾಡಿ ನೋಡುವ ಮೊದಲು ಸಾಮಾನು ವಿಚಾರಿಸಿದೆ. ಬ್ರೇಕ್ ಪ್ಯಾಡ್, ಕ್ಲಚ್ ಸೆಟ್, ಲೋಯರ್ ಆರ್ಮ್, ಶಾಕ್ ಅಬ್ಸಾರ್ಬರ್, ಹೆಡ್‌ಲೈಟ್, ಮುಂದಿನ ಗಾಜು, ಹೀಗೆ ಪಟ್ಟಿ ಬರೆದುಕೊಂಡು ಶೋರೂಮಿನ ಸ್ಪೇರ್ಸ್ ಕೌಂಟರಿಗೂ ಬೆಂಗಳೂರಿನ ಜೆ.ಸಿ. ರೋಡಿನ ಅಂಗಡಿಗಳಿಗೂ ಫೋನ್ ಮಾಡಿದೆ. ಎಲ್ಲರೂ ‘ಓ, ಇದೆಯಲ್ಲ ಸಾರ್’ ಅಂದರು. ಬೆಲೆ ಕೇಳಿದಾಗ ಅನುಮಾನ ಬಂತು, ತೀರಾ ಕಡಿಮೆ. ಅವರು ಹೇಳುತ್ತಿದ್ದದ್ದು 2022ರಲ್ಲಿ ಬಂದ ಹೊಸ ಗ್ರ್ಯಾಂಡ್ ವಿಟಾರದ ಸಾಮಾನು. ಹೆಸರು ಒಂದೇ, ಗಾಡಿಗೂ ಗಾಡಿಗೂ ಸಂಬಂಧವಿಲ್ಲ. ಹೊಸದು ತಯಾರಾಗುವುದು ನಮ್ಮ ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲಿ. ಆಮೇಲೆ ಹೆಸರು ಹೇಳುವುದನ್ನೇ ಬಿಟ್ಟೆ. ಮಾರುವವರಿಂದ ಚಾಸಿ ನಂಬರ್ ತರಿಸಿಕೊಂಡು ಅದನ್ನೇ ಕಳಿಸಿದೆ. 17 ಅಕ್ಷರ ಮತ್ತು ಅಂಕಿಗಳ ಆ ನಂಬರಿನ ಮೊದಲ ಅಕ್ಷರ ‘ಜೆ’ ಆಗಿದ್ದರೆ ಗಾಡಿ ಜಪಾನಿನದ್ದು. ನಮ್ಮಲ್ಲಿ ತಯಾರಾದದ್ದು ‘ಎಂ’ನಿಂದ ಶುರುವಾಗುತ್ತದೆ.

ಸರಿಯಾದ ಉತ್ತರ ಬರತೊಡಗಿತು. ಫಿಲ್ಟರ್, ಪ್ಲಗ್, ಬ್ರೇಕ್ ಪ್ಯಾಡ್ ತೊಂದರೆಯಿಲ್ಲ. ಶಾಕ್, ಲೋಯರ್ ಆರ್ಮ್ ಆರ್ಡರ್ ಕೊಟ್ಟು ಕಾಯಬೇಕು. ಹೆಡ್‌ಲೈಟ್, ಬಂಪರ್, ಡೋರ್ ಬೇಕೆಂದರೆ ಪೂರ್ತಿ ದುಡ್ಡು ಮುಂಗಡ, ಇಲ್ಲವೇ ಶಿವಾಜಿನಗರದ ಗುಜರಿಯಲ್ಲಿ ಅದೃಷ್ಟ ನೋಡಬೇಕು. ನನ್ನ ತೀರ್ಮಾನಕ್ಕೆ ಇಷ್ಟು ಸಾಕಾಯಿತು. ಗಾಡಿ ಕೆಳಗಿನ ಸವಕಲು ಸಾಮಾನು ಬದಲಿಸಬಹುದು. ದೀಪ, ಗಾಜು, ಬಾಡಿ ಏಟು ತಿಂದ ಗಾಡಿ ಮಾತ್ರ ಬೇಡ. ಕಡಿಮೆ ಓಡಿದ್ದ, ಹೊಳೆಯುತ್ತಿದ್ದ ಒಂದು ಗಾಡಿಯನ್ನು ಬಿಟ್ಟೆ. ಅದರ ಎಡಗಡೆ ಹೆಡ್‌ಲೈಟ್ ಹೊಸದು, ಬಲಗಡೆಯದು ಹಳದಿ ಬಂದಿತ್ತು. ಅಂದರೆ ಆ ಮೂಲೆಗೆ ಏನೋ ಬಡಿದಿದೆ. ಜಾಸ್ತಿ ಓಡಿದ್ದರೂ ಎಲ್ಲಾ ಗಾಜಿನ ಮೂಲೆಯಲ್ಲೂ ಒಂದೇ ಕಂಪನಿಯ ಮುದ್ರೆಯಿದ್ದ ಗಾಡಿ ಆರಿಸಿದೆ.

ನೋಡಲು ಹೋದಾಗ ನಮ್ಮ ಮೆಕ್ಯಾನಿಕ್ ಮೊದಲು ಬಾನೆಟ್ ಮುಟ್ಟಿದರು. ತಣ್ಣಗಿತ್ತು. ಬಿಸಿಯಿದ್ದರೆ ನಾವು ಬರುವ ಮುಂಚೆಯೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ ಅಂತ ಅರ್ಥ. ಡಿಪ್‌ಸ್ಟಿಕ್ ಎಳೆದರು, ಆಯಿಲ್ ಮಟ್ಟ ಸರಿಯಿತ್ತು. ಈ ಎಂಜಿನ್ನಿಗೆ ಟೈಮಿಂಗ್ ಬೆಲ್ಟ್ ಇಲ್ಲ, ಚೈನು, ಹಾಗಾಗಿ ಚೈನು ಸವೆದಿದ್ದರೆ ಸ್ಟಾರ್ಟ್ ಆದ ಕ್ಷಣ ಬರುವ ಗಲಗಲ ಸದ್ದಿಗೆ ಕಿವಿ ಕೊಟ್ಟರು. ಆಮೇಲೆ ಡ್ಯಾಶ್‌ಬೋರ್ಡಿನ ಫೋರ್ ವೀಲ್ ಡ್ರೈವಿನ ತಿರುಗಿಸುವ ಗುಂಡಿ ನೋಡಿದರು. ಇದರಲ್ಲಿ ಎರಡೇ ಚಕ್ರಕ್ಕೆ ಓಡಿಸುವ ಸ್ಥಾನವೇ ಇಲ್ಲ, ಎಂಜಿನ್ನಿನ ಶಕ್ತಿ ಯಾವಾಗಲೂ ನಾಲ್ಕೂ ಚಕ್ರಕ್ಕೆ ಹೋಗುತ್ತದೆ. ಮಣ್ಣಿನ ಜಾಗದಲ್ಲಿ ಗಾಡಿ ನಿಲ್ಲಿಸಿ, ಕ್ಲಚ್ ಒತ್ತಿ, ಕೆಸರಿನಲ್ಲಿ ನಿಧಾನಕ್ಕೆ ಬಲವಾಗಿ ಎಳೆಯುವ ‘ಲೋ ಲಾಕ್’ ಸ್ಥಾನಕ್ಕೆ ಹಾಕಿದೆವು. ಮೀಟರಿನ ದೀಪ ಮಿನುಗಿ ನಿಂತಿತು. ಮಿನುಗುತ್ತಲೇ ಇದ್ದರೆ ವಾಪಸ್ ಬರಬೇಕು ಅಂತ ಮೊದಲೇ ಮಾತಾಗಿತ್ತು. ನಾಲ್ಕು ಟೈರೂ ಒಂದೇ ಅಳತೆ, ಒಂದೇ ಸವೆತ ಇರಬೇಕು, ಇಲ್ಲದಿದ್ದರೆ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ಲಿಗೆ ಏಟು. ಇಲ್ಲಿ ಒಂದು ಟೈರ್ ಬೇರೆ ಇತ್ತು. ನಾಲ್ಕೂ ಹೊಸದು ಹಾಕಿಸುವ ಖರ್ಚು ಬೆಲೆಯಲ್ಲಿ ಕಳೆದೆವು.

ಕಾಗದಪತ್ರದಲ್ಲಿ ಒಂದೇ ವಿಷಯಕ್ಕೆ ತಲೆ ಕೆಡಿಸಿಕೊಂಡೆ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 5,000 ರೂಪಾಯಿ. ಇಂಪೋರ್ಟೆಡ್ ಅಂತ ದಾಖಲಾಗಿದ್ದರೆ 40,000! ಇದು 2022ರ ಏಪ್ರಿಲಿನಲ್ಲಿ ಜಾರಿಗೆ ಬಂದ ದರ. ಹಾಗಾಗಿ ಅಡ್ವಾನ್ಸ್ ಕೊಡುವ ಮುಂಚೆ ಆರ್‌ಸಿ ವಿವರ ತೆಗೆಸಿ ನೋಡಿದೆ. ನನ್ನದರಲ್ಲಿ ಹಾಗೆ ಇರಲಿಲ್ಲ. ನೀವೂ ಇದನ್ನು ನೋಡದೆ ದುಡ್ಡು ಕೊಡಬೇಡಿ. ಉಳಿದದ್ದು ಮಾಮೂಲಿ: ಹೆಸರು ಬದಲಾವಣೆಯ ಫಾರಂ 29, 30.

ಇನ್ಶೂರೆನ್ಸ್ ಕೂಡ ಏರುತ್ತದೆ. 2022ರಲ್ಲಿ ನಿಗದಿಯಾದ ದರದಲ್ಲಿ ಥರ್ಡ್ ಪಾರ್ಟಿ ಪ್ರೀಮಿಯಂ ಎಸ್ಟೀಮಿಗೆ 3,416, 1500 ಸಿಸಿ ಮೀರಿದ ಇದಕ್ಕೆ 7,897. ಎಸ್ಟೀಮಿನ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದಿದ್ದಕ್ಕೆ ಸಿಗುವ ರಿಯಾಯಿತಿ, ನನ್ನದು, ಕಾರಿನದ್ದಲ್ಲ. ಅದನ್ನು ಈ ಗಾಡಿಗೆ ಹಾಕಿಸಿಕೊಂಡೆ. ಕೇಳದಿದ್ದರೆ ಏಜೆಂಟರು ತಾವಾಗಿ ಹೇಳುವುದಿಲ್ಲ.

ಎಸ್ಟೀಮನ್ನು ತಿಪಟೂರಿನ ಹುಡುಗನೊಬ್ಬ ತಗೊಂಡ. ಚೌಕಾಸಿಯನ್ನೇ ಮಾಡಲಿಲ್ಲ. ಅವನ ಹತ್ತಿರ ಆಗಲೇ ಒಂದು ಎಸ್ಟೀಮ್ ಇತ್ತು, ಇದು ಎರಡನೇದು. ಹೆಸರು ಬದಲಾಗುವ ತನಕ ಸಹಿ ಹಾಕಿದ ಫಾರಮ್ಮಿನ ಜೆರಾಕ್ಸ್, ಅವನ ಗುರುತಿನ ಚೀಟಿ ಇಟ್ಟುಕೊಂಡಿದ್ದೆ. ಫಾಸ್ಟ್‌ಟ್ಯಾಗ್ ಅವತ್ತೇ ಮುಚ್ಚಿಸಿದೆ, ಇಲ್ಲದಿದ್ದರೆ ಅವನು ಕ್ಯಾತ್ಸಂದ್ರ ಟೋಲ್ ದಾಟಿದಾಗಲೆಲ್ಲ ನನ್ನ ದುಡ್ಡು ಹೋಗುತ್ತದೆ.

ವಿಟಾರ ತೋಟದ ದಾರಿಯಲ್ಲಿ ಎಲ್ಲೂ ತಾಗುವುದಿಲ್ಲ. ದೇವರಾಯನದುರ್ಗದ ತಿರುವುಗಳಲ್ಲಿ ಎಸ್ಟೀಮಿನ ಹಾಗೆ ಚುರುಕಿಲ್ಲ, ತೂಕ ಗೊತ್ತಾಗುತ್ತದೆ. ಪೆಟ್ರೋಲ್ ಲೀಟರಿಗೆ ಒಂಬತ್ತು ಕಿಲೋಮೀಟರ್ ಕೊಟ್ಟರೆ ನಮ್ಮ ಪುಣ್ಯ. ಕೆಲಸಕ್ಕೆ ದಿನಾ ಬೆಂಗಳೂರಿಗೆ ಓಡಾಡುವವರು ಇದರ ಸುದ್ದಿಗೇ ಹೋಗಬೇಡಿ. ನನಗೆ ವಾರಕ್ಕೊಂದು ಸಲ ತೋಟ, ಆಗೊಮ್ಮೆ ಈಗೊಮ್ಮೆ ಮದುವೆ, ಅಷ್ಟೇ. ಮುಂದಿನ ಶಾಕ್ ಈಗಲೇ ಆರ್ಡರ್ ಕೊಟ್ಟಿದ್ದೇನೆ. ಹಾಳಾದ ಮೇಲೆ ಕೊಟ್ಟರೆ ಗಾಡಿ ಗ್ಯಾರೇಜಿನಲ್ಲೇ ನಿಂತಿರುತ್ತದೆ.