ಫೋಟೊ ಕೆಲಸಕ್ಕೂ ಗೇಮಿಂಗ್‌ಗೂ ಒಂದೇ ಕಂಪ್ಯೂಟರ್: ಬಿಡಿಭಾಗಗಳ ಆಯ್ಕೆ

ಬಾಗಲಕೋಟೆಯಲ್ಲಿ ಮದುವೆಯ ಫೋಟೊಗಳನ್ನು ತಿದ್ದಲು, ಬಿಡುವಿದ್ದಾಗ ಗೇಮ್ ಆಡಲು ಒಂದೇ ಡೆಸ್ಕ್‌ಟಾಪ್ ಜೋಡಿಸಿಕೊಳ್ಳುವವರು ಮೊದಲು ಮಾನಿಟರ್‌ಗೆ ಹಣ ತೆಗೆದಿಡಬೇಕು. ಎಸ್‌ಆರ್‌ಜಿಬಿ (ಪರದೆಗಳಿಗೆ ಸಾಮಾನ್ಯವಾಗಿ ಬಳಸುವ ಬಣ್ಣಗಳ ಮಾನದಂಡ) ಬಣ್ಣಗಳನ್ನು ಪೂರ್ತಿ ತೋರಿಸದ ಪರದೆಯನ್ನು ನಂಬಿ ಇಳಕಲ್ ಸೀರೆಯ ಕೆಂಪು ಸೆರಗನ್ನು ತಿದ್ದಿದರೆ, ಆಲ್ಬಮ್ ಅಚ್ಚಾಗಿ ಬಂದಾಗ ಆ ಕೆಂಪು ಬೇರೆಯೇ ಆಗಿರುತ್ತದೆ. ಬದಿಯಿಂದ ನೋಡಿದರೂ ಬಣ್ಣ ಹೆಚ್ಚು ಬದಲಾಗದ ಐಪಿಎಸ್ ಪ್ಯಾನೆಲ್ ಇರುವ ಮಾನಿಟರ್ ಇರಲಿ.

ಆರು ಕೋರ್‌ಗಳ ಎಎಂಡಿ ಕಂಪನಿಯ ರೈಜೆನ್ 5 5600 ಪ್ರೊಸೆಸರ್ ಸಾಕು. ಆದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲದ ಕಾರಣ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು, ಅದರಲ್ಲಿ 8 ಜಿಬಿ ಮೆಮೊರಿ ಇದ್ದರೆ ಒಳಿತು. 16 ಜಿಬಿಯ ಒಂದೇ ರ‍್ಯಾಮ್ ಕೊಳ್ಳುವ ಬದಲು 8 ಜಿಬಿಯ ಎರಡನ್ನು ಕೊಂಡರೆ ಎರಡೂ ಜೊತೆಯಾಗಿ ಕೆಲಸ ಮಾಡಿ ವೇಗ ಹೆಚ್ಚುತ್ತದೆ; ಅವನ್ನು ಮದರ್‌ಬೋರ್ಡ್‌ನ ಕೈಪಿಡಿ ಸೂಚಿಸುವ ಸ್ಲಾಟ್‌ಗಳಲ್ಲೇ ಹಾಕಿರಿ. ಕ್ಯಾಬಿನೆಟ್ ಜೊತೆಗೆ ಬರುವ ಹೆಸರಿಲ್ಲದ ಪವರ್ ಸಪ್ಲೈಯನ್ನು ದಯವಿಟ್ಟು ಬಳಸಬೇಡಿ. ನಮ್ಮ ಬಿಸಿಲು, ಧೂಳಿಗೆ ಮುಂಭಾಗದಲ್ಲಿ ಜಾಳಿಗೆಯೂ ಬಿಚ್ಚಿ ತೊಳೆಯಬಹುದಾದ ಫಿಲ್ಟರೂ ಇರುವ ಕ್ಯಾಬಿನೆಟ್ಟೇ ಸರಿ.