ಗನ್ ತರಬೇತಿಯ ಒಪ್ಪಿಗೆ ಪತ್ರ: ಕೊನೆಗೆ ಸರಿಹೋದದ್ದು ಹೀಗೆ

ನನ್ನ ಹತ್ರ ಗನ್ ಹೊಡೆಯೋದು ಕಲಿಯಲು ಬರುವವರು, ಇದರ ಅಪಾಯ ಗೊತ್ತಿದ್ದೇ ಒಪ್ಪಿದ್ದೇನೆ ಅಂತ ಸಹಿ ಹಾಕುವ ಪತ್ರ ಇದು. ಹಳೆಯ ಫಾರಂಗಳನ್ನು ನೋಡಿದ ವಕೀಲರು ಅರ್ಧಕ್ಕರ್ಧ ಕೆಲಸಕ್ಕೆ ಬಾರದವು ಅಂದರು. ಕೆಲವಕ್ಕೆ ತಾರೀಖಿಲ್ಲ, ಒಂದಕ್ಕೆ 16ರ ಹುಡುಗ ತಾನೇ ಸಹಿ ಹಾಕಿದ್ದ.

ಜಿಮ್ಮಿನ ಫಾರಂ ಎತ್ತಿ ಹೆಸರು ಬದಲಿಸಿ ನೋಡಿದ್ದೆ, ಅದರಲ್ಲಿ ಗುಂಡಿನ ಮಾತೇ ಇಲ್ಲ. ನಾಲ್ಕು ಪುಟ ಬರೆದೆ, ಯಾರೂ ಓದಲಿಲ್ಲ. 'ಯಾವುದಕ್ಕೂ ನಾವು ಹೊಣೆಯಲ್ಲ' ಅನ್ನೋ ದಪ್ಪಕ್ಷರವೂ ಸುಮ್ನೆ. ತೀರಾ ಬೇಜವಾಬ್ದಾರಿಯಿಂದ ಆದ ಅನಾಹುತಕ್ಕೆ ಎಷ್ಟೋ ಕಡೆ ಅದು ಕೋರ್ಟಿನಲ್ಲಿ ನಿಲ್ಲುವುದಿಲ್ಲ.

ಈಗ ಒಂದೇ ಹಾಳೆ. ಸಿಡಿದು ವಾಪಸ್ ಬರುವ ಗುಂಡಿನ ಚೂರು, ಬಿಸಿಯಾದ ಖಾಲಿ ತೋಟಾ, ಕಿವಿಗೆ ಹಾನಿ, ಸೀಸದ ಧೂಳು, ಒಂದೊಂದಕ್ಕೂ ಬೇರೆ ಸಾಲು, ಪಕ್ಕದಲ್ಲೇ ಚಿಕ್ಕ ಸಹಿ. ಹಿಂದಿನ ದಿನವೇ ಕಳಿಸುತ್ತೇನೆ. ಬಂದ ಮೇಲೆ ಮೊದಲು ಗುರುತಿನ ಚೀಟಿ, ಆಮೇಲೆ ನನ್ನೆದುರೇ ಸಹಿ, ತಾರೀಖು, ಸಮಯ, 18 ತುಂಬದಿದ್ದರೆ ಪೋಷಕರ ಸಹಿಯೂ, ನಂತರ ಸುರಕ್ಷತೆಯ ಪಾಠ, ಗನ್ ಕೈಗೆ ಕೊಡೋದು ಕೊನೆಗೆ.